ತೆಗೆದ ಮೇಲೂ ತಿಂಗಳಿಗೊಮ್ಮೆ

ಗರ್ಭಕೋಶ ತೆಗೆಸಿಕೊಂಡು ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ನಾನು ನನಗಾಗಿ ಮೊದಲು ಕೊಂಡದ್ದು ಒಂದು ತಿಳಿಹಳದಿ ಚೂಡಿದಾರ. ಅಲ್ಲಿಯವರೆಗೆ ನನ್ನ ಬೀರುವಿನಲ್ಲಿ ಇದ್ದದ್ದೆಲ್ಲ ಕಂದು, ಕಪ್ಪು, ಕಡುಗೆಂಪು. ದೊಡ್ಡವಳಾದಾಗಿನಿಂದ ನನ್ನ ಬಟ್ಟೆಯ ಬಣ್ಣವನ್ನು ನಾನು ಆರಿಸಿದ್ದೇ ಇಲ್ಲ. ಬಸ್ಸಿನಲ್ಲೋ ಕೆಲಸದ ಜಾಗದಲ್ಲೋ ಕಲೆಯಾದರೆ ಕಾಣದಿರಲಿ ಎಂಬ ಭಯವೇ ಆರಿಸುತ್ತಿತ್ತು. ದಾಸರಹಳ್ಳಿಯ ಬಟ್ಟೆ ಅಂಗಡಿಯಲ್ಲಿ ಆ ಹಳದಿಯನ್ನು ಮೈಗೆ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಾಗ ನನ್ನ ಮಗಳು ಸಿಂಚನ, “ಅಮ್ಮಾ, ಯಾರೋ ಬೇರೆಯವ್ರ ಥರ ಕಾಣ್ತೀಯ,” ಅಂದಿದ್ದಳು.

ಅದನ್ನು ಹಾಕಿಕೊಂಡು ಹೋಗಿದ್ದ ಒಂದು ದಿನವೇ ನೋವು ವಾಪಸ್ಸು ಬಂತು.

ನಾನು ಆಗ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸ ಮಾಡುತ್ತಿದ್ದೆ. ಸಾಲಾಗಿ ಹೆಂಗಸರೇ ಕೂರುತ್ತಿದ್ದೆವು. ಮೂಗಿಗೆ ಸದಾ ವಾರ್ನಿಷ್ ವಾಸನೆ, ಕಿವಿಗೆ ಪಕ್ಕದ ಷೆಡ್ಡಿನ ಪ್ರೆಸ್ ಮೆಷಿನ್ನಿನ ಬಡಿತ. ಮಧ್ಯಾಹ್ನದ ಊಟ ಮುಗಿಸಿ ಬಂದು ಸ್ಟೂಲಿನ ಮೇಲೆ ಕೂತೆ. ಕಿಬ್ಬೊಟ್ಟೆಯಲ್ಲಿ ಏನೋ ಕದಲಿದಂತಾಯಿತು. ಆಮೇಲೆ ಅದು ನಿಧಾನವಾಗಿ ಬೆನ್ನಿಗೆ ಹತ್ತಿತು, ತೊಡೆಗೆ ಇಳಿಯಿತು. ಆ ದಾರಿ ನನಗೆ ಚೆನ್ನಾಗಿ ಗೊತ್ತಿತ್ತು. ಮನೆ ಖಾಲಿ ಮಾಡಿಕೊಂಡು ಹೋದ ಬಾಡಿಗೆಯವನು ತನ್ನ ಹಳೇ ಬೀಗದ ಕೈಯಿಂದಲೇ ಬಾಗಿಲು ತೆಗೆದುಕೊಂಡು ಒಳಗೆ ಬಂದ ಹಾಗಿತ್ತು.

ಪಕ್ಕದ ಮೆಷಿನ್ನಿನ ಶಾಂತವ್ವ ಗದಗದ ಕಡೆಯವಳು. ಗಂಡನ ಜೊತೆ ಬಂದು ಬಾಗಲಗುಂಟೆಯಲ್ಲಿ ನಮ್ಮ ಬೀದಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದಳು. ಅವಳು ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಯಾಕವ್ವಾ ಭಾರತಿ, ಮಾರಿ ಹಿಂಗ್ಯಾಕ ಬೆಳ್ಳಗಾತು?”

“ಏನಿಲ್ಲ ಶಾಂತವ್ವ, ಗ್ಯಾಸು.”

ಬೇರೆ ಏನು ಹೇಳಬೇಕೋ ನನಗೇ ತಿಳಿದಿರಲಿಲ್ಲ. ನೋಯುವ ಅಂಗವನ್ನೇ ತೆಗೆಸಿಕೊಂಡು ಬಂದವಳು, ಅಲ್ಲೇ ನೋಯುತ್ತಿದೆ ಅಂತ ಹೇಗೆ ಹೇಳುವುದು? ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಹಣೆ ಇಟ್ಟು ನಿಂತೆ. ರಕ್ತ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಚೂಡಿದಾರ ಹಳದಿಯಾಗಿಯೇ ಇತ್ತು. ಆದರೂ ನಾನು ಮತ್ತೆ ಮತ್ತೆ ತಿರುಗಿ ನೋಡಿಕೊಂಡೆ.

ಈ ನೋವು ನನಗೆ ಹೈಸ್ಕೂಲಿನ ಕಾಲದಿಂದ ಜೊತೆಯಾದದ್ದು. ಮದುವೆಯಾದರೆ ಸರಿಹೋಗುತ್ತೆ ಅಂದರು, ಮದುವೆಯಾಯಿತು. ಮಗುವಾದರೆ ಸರಿಹೋಗುತ್ತೆ ಅಂದರು, ಸಿಂಚನ ಹುಟ್ಟಿದಳು. ಅವಳು ಅಂಗನವಾಡಿಗೆ ಹೋಗುತ್ತಿದ್ದಾಗ ಮತ್ತೊಮ್ಮೆ ಬಸುರಾದೆ. ಐದನೇ ತಿಂಗಳಿಗೆ ಅದು ಹೋಯಿತು. ಗಂಡು ಕೂಸು ಎಂದು ನರ್ಸಮ್ಮ ಹೇಳಿದ್ದು ಅರೆಎಚ್ಚರದಲ್ಲಿ ಕೇಳಿಸಿತ್ತು, ಅಷ್ಟೇ. ನನಗೆ ತೋರಿಸಲಿಲ್ಲ. ಆಮೇಲೆ ನೋವು ಇನ್ನೊಂದಷ್ಟು ಹೆಚ್ಚಾಯಿತು. ಸ್ಕ್ಯಾನ್ ಮಾಡಿದವರು ಅಂಡಾಶಯದ ಮೇಲೆ ಚಾಕೊಲೇಟ್ ಸಿಸ್ಟ್ ಇದೆ ಅಂದರು. ಆ ಹೆಸರು ಕೇಳಿ ಸಿಂಚನ ನಕ್ಕಿದ್ದಳು, ನಾನೂ ನಕ್ಕಿದ್ದೆ. ಗಡ್ಡೆ ತೆಗೆದರು, ಗುಳಿಗೆ ಕೊಟ್ಟರು, ಮತ್ತೆ ಬಂತು. ಕೊನೆಗೆ ನರ್ಸಿಂಗ್ ಹೋಮಿನ ಡಾಕ್ಟರು, “ಗರ್ಭಕೋಶ ತೆಗೆಸಿಬಿಡಿ, ಬೇರುಸಮೇತ ಹೋಗುತ್ತೆ,” ಅಂದರು.

ನನ್ನ ಗಂಡ ರುದ್ರೇಶ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡುವವರು, ಹೆಚ್ಚು ಮಾತಿಲ್ಲ. “ನಿನ್ನ ಮೈ, ನೀನೇ ಹೇಳು,” ಅಂದರು. ಒಪ್ಪದವರು ಅತ್ತೆ ಒಬ್ಬರೇ. ಗುಬ್ಬಿ ಕಡೆಯ ಹಳ್ಳಿಯಿಂದ ಬಂದು ನಮ್ಮ ಜೊತೆಯೇ ಇದ್ದರು. ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದರು:

“ಅದು ಮನೆ ಕೆಡವ್ದಂಗೆ ಕಣವ್ವ. ನಾಳೆ ಬರೋ ಕೂಸು ಎಲ್ಲಿಗೆ ಬರ್ಬೇಕು?”

“ಬರೋರು ಯಾರೂ ಇಲ್ಲ ಅತ್ತೆ. ನಾನು ಬದುಕ್ಬೇಕು,” ಅಂದೆ.

ಆಪರೇಷನ್ ಆದ ಮೇಲಿನ ದಿನಗಳು ನನ್ನ ಜೀವನದ ಒಳ್ಳೆಯ ದಿನಗಳು ಅಂದರೆ ಯಾರೂ ನಂಬುವುದಿಲ್ಲ. ರುದ್ರೇಶ ಮಗಳಿಗೆ ಜಡೆ ಹಾಕಲು ಕಲಿತರು. ಸೊಟ್ಟ ಜಡೆಯಲ್ಲೇ ಅವಳು ಶಾಲೆಗೆ ಹೋದಳು. ಶಾಂತವ್ವ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ ಹಾಕಿ ತಂದುಕೊಟ್ಟಳು. ಒಪ್ಪದೇ ಇದ್ದ ಅತ್ತೆಯೇ ದಿನಾ ಬೆಳಿಗ್ಗೆ ನನ್ನ ಕಾಲಿಗೆ ಬಿಸಿನೀರು ಹುಯ್ದು ತೊಳೆದರು. ಹೊಲಿಗೆ ಎಳೆಯುತ್ತಿತ್ತು, ಆದರೆ ಅದು ಗಾಯದ ನೋವು, ಮಾಯುವ ನೋವು. ತಿಂಗಳು ಕಳೆಯಿತು, ಇನ್ನೊಂದು ತಿಂಗಳು ಕಳೆಯಿತು, ಏನೂ ಬರಲಿಲ್ಲ. ಆಗಲೇ ಹಳದಿ ಚೂಡಿದಾರ ಕೊಂಡದ್ದು.

ನೋವು ಮರಳಿದ್ದನ್ನು ನಾನು ಮೊದಲು ಹೇಳಿದ್ದು ರುದ್ರೇಶರಿಗೆ. ಮುಂದಿನ ತಿಂಗಳು ಅದು ಮತ್ತೆ ಬಂದ ಮೇಲೆ. ಬೆಳಿಗ್ಗೆ ಅವರ ಬೈಕಿನಲ್ಲಿ ಹೋಗುತ್ತಿದ್ದೆವು. ತುಮಕೂರು ರಸ್ತೆಯ ಉದ್ದಕ್ಕೂ ಮೆಟ್ರೋದ ಕಂಬಗಳು ಏಳುತ್ತಿದ್ದ ಕಾಲ, ಜಾಲಹಳ್ಳಿ ಕ್ರಾಸಿನಲ್ಲಿ ಗಾಡಿಗಳು ಅಲ್ಲಾಡುತ್ತಿರಲಿಲ್ಲ.

“ರೀ, ನೋವು ಬಂದಿದೆ.”

“ಯಾವ ನೋವು?”

“ಅದೇ.”

ಅವರು ಬೈಕನ್ನು ಪಕ್ಕಕ್ಕೆ ಎಳೆದು ನಿಲ್ಲಿಸಿದರು. ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡಿದರು. “ತೆಗೆದಾಯ್ತಲ್ಲ ಭಾರತಿ. ನೋಯೋಕೆ ಇನ್ನೇನು ಉಳಿದಿದೆ?”

ಕೋಪದಲ್ಲಿ ಅಂದಿದ್ದರೆ ಜಗಳವಾಡಬಹುದಿತ್ತು. ಅವರ ಮುಖದಲ್ಲಿ ಭಯವಿತ್ತು. ನನಗೇನೋ ಆಗಿಹೋಗಿದೆ ಎಂಬ ಭಯ.

ಆಪರೇಷನ್ ಮಾಡಿದ ಡಾಕ್ಟರ ಬಳಿಗೆ ಹೋದೆವು. ಅವರು ಹಳೆಯ ಕಾಗದಗಳನ್ನು ನೋಡಿ, ಹೊಲಿಗೆಯನ್ನು ನೋಡಿ, “ಇಲ್ಲದ ಅಂಗ ನೋಯಲ್ಲಮ್ಮ,” ಅಂದರು. ಗ್ಯಾಸಿನ ಗುಳಿಗೆ ಬರೆದುಕೊಟ್ಟರು. ಮರುತಿಂಗಳು ಹೋದಾಗ ನಿದ್ದೆಯ ಗುಳಿಗೆ ಕೊಟ್ಟರು. ಅದರ ಮರುತಿಂಗಳು, “ನಿಮಗೆ ಆ ನೋವಿನದೇ ಅಭ್ಯಾಸ ಆಗಿಬಿಟ್ಟಿದೆ. ಒಮ್ಮೆ ಮನಸ್ಸಿನ ಡಾಕ್ಟ್ರಿಗೆ ತೋರಿಸಿ,” ಅಂದರು. ಹೊರಗೆ ಕಾಯುವ ಕುರ್ಚಿಗಳಲ್ಲಿ ಕೂತಿದ್ದ ಬಸುರಿಯರು ನಮಗೆ ದಾರಿ ಬಿಡಲು ಕಾಲು ಮಡಿಚಿಕೊಂಡರು. ಅವರ ಹೊಟ್ಟೆಗಳ ನಡುವೆ ನಡೆದುಕೊಂಡು ಬರುವಾಗ ನಾನು ತಲೆ ಎತ್ತಲಿಲ್ಲ.

ನನ್ನನ್ನು ನಂಬಿದ್ದು ಅತ್ತೆ. ಆದರೆ ಅವರು ನಂಬಿದ ರೀತಿಯೇ ಬೇರೆ.

ಅದೊಂದು ಭಾನುವಾರ. ರುದ್ರೇಶ, ಸಿಂಚನ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ನಡುಮನೆಯ ನೆಲದ ಮೇಲೆ ಮುದುಡಿ ಮಲಗಿದ್ದೆ. ಅತ್ತೆ ಹರಳೆಣ್ಣೆ ಬೆಚ್ಚಗೆ ಮಾಡಿಕೊಂಡು ಬಂದು ನನ್ನ ಹೊಟ್ಟೆಗೆ ಸವರುತ್ತಾ ಕೂತರು. ಆಮೇಲೆ ಯಾರೋ ಕೇಳಿಸಿಕೊಳ್ಳುತ್ತಾರೇನೋ ಎನ್ನುವಂತೆ ದನಿ ತಗ್ಗಿಸಿ ಅಂದರು:

“ಅದು ಕೂಸು ಕಣೆ. ಐದು ತಿಂಗಳಿಗೆ ಹೋಯ್ತಲ್ಲ, ಅದೇ. ಮನೆ ಹುಡುಕ್ಕೊಂಡು ಬತ್ತೈತೆ. ಬಂದು ನೋಡಿದ್ರೆ ಮನೆ ಇಲ್ಲ. ಅದಕ್ಕೇ ಇಂಗೆ ಒದೀತೈತೆ.”

ನಾನು ಪಿಯುಸಿ ಓದಿದವಳು. ಇಂಥದ್ದನ್ನೆಲ್ಲ ಕೇಳಿ ನಗುತ್ತಿದ್ದವಳು. ಅವತ್ತೂ ನಗಬೇಕು ಅಂದುಕೊಂಡೆ. ಆದರೆ ಆ ಮಾತು ಒಳಗೆ ಹೋಗಿ ಕೂತುಬಿಟ್ಟಿತು.

ಆ ಮೇಲಿನ ತಿಂಗಳುಗಳನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಈ ಕಾಯಿಲೆ ಇರುವ ಬೇರೆ ಹೆಂಗಸರು ಇದನ್ನು ಓದುತ್ತಿದ್ದರೆ ಅವರಿಗಾಗಿಯೇ ಮುಚ್ಚುಮರೆ ಇಲ್ಲದೆ ಬರೆಯುತ್ತಿದ್ದೇನೆ. ನಾನು ನೋವಿಗಾಗಿ ಕಾಯಲು ಶುರುಮಾಡಿದೆ. ಅದು ಬಂದಾಗ ಕಾರ್ಖಾನೆಯ ಬಚ್ಚಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತು, “ಬಂದ್ಯಾ?” ಅಂತ ಕೇಳುತ್ತಿದ್ದೆ. ಹಲ್ಲು ಕಚ್ಚುವಷ್ಟು ಜೋರಾದಾಗ, “ಆಯ್ತು ಕಂದ, ಆಯ್ತು,” ಅನ್ನುತ್ತಿದ್ದೆ. ಬದುಕಿದ್ದರೆ ಶಾಲೆಗೆ ಸೇರುವ ವಯಸ್ಸು. ಬೆಳಿಗ್ಗೆ ಬಾಗಲಗುಂಟೆಯ ಬೀದಿಯಲ್ಲಿ ವ್ಯಾನಿಗೆ ಕಾಯುತ್ತಾ ನಿಂತ ಗಂಡುಮಕ್ಕಳಲ್ಲಿ ಯಾರ ಎತ್ತರ ಅವನದಾಗಿರುತ್ತಿತ್ತು ಅಂತ ಅಳೆಯುತ್ತಿದ್ದೆ. ಹಾಸಿಗೆಯಲ್ಲಿ ನನ್ನ ಮಗ್ಗುಲಿಗೆ ಒಂದಿಷ್ಟು ಜಾಗ ಬಿಟ್ಟು ಮಲಗುವುದು ರೂಢಿಯಾಯಿತು. ರುದ್ರೇಶ ಅದನ್ನು ಕಂಡಿರಬೇಕು, ಏನೂ ಕೇಳಲಿಲ್ಲ.

ನಾನು ನಿಜವಾಗಿ ನಂಬಿದ್ದೆನೇ? ಈಗಲೂ ಹೇಳಲಾರೆ. ಡಾಕ್ಟರು ನಂಬಲಿಲ್ಲ, ಗಂಡನಿಗೆ ನಂಬಲು ಭಯ. ನಿನ್ನ ನೋವು ಸುಳ್ಳಲ್ಲ ಎಂದವರು ಅತ್ತೆ ಒಬ್ಬರೇ. ಅವರ ಕೈ ಹಿಡಿದುಕೊಂಡರೆ ಅವರು ಹೇಳಿದ ಕೂಸನ್ನೂ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಂಡೆ.

ಒಂದು ಮಂಗಳವಾರ ಅತ್ತೆ ನನ್ನನ್ನು ನೆಲಮಂಗಲದ ಆಚೆ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಅಲ್ಲೊಬ್ಬ ಹೆಂಗಸು ವಿಭೂತಿ ಮಂತ್ರಿಸಿ, ಸೊಂಟಕ್ಕೆ ಕಪ್ಪು ದಾರ ಕಟ್ಟಿ, ಇನ್ನು ಅದು ಬರುವುದಿಲ್ಲ ಅಂದಳು. ವಾಪಸ್ಸು ಬರುವ ಬಸ್ಸಿನಲ್ಲಿ ನನಗೆ ಸಮಾಧಾನವಾಗಲಿಲ್ಲ. ನಾನು ಎಲ್ಲಿಗೆ ಬಂದು ಮುಟ್ಟಿದ್ದೆನೆಂದು ನೋಡಿ: ಪ್ರಾಣ ಹಿಂಡುವ ನೋವು ಬಾರದೇ ಹೋದರೆ ಏನು ಗತಿ ಅಂತ ಹೆದರಿದ್ದೆ.

ಅದು ಬಂತು. ಆ ತಿಂಗಳು ನಾನು ಸ್ಟೂಲಿನಿಂದ ಕೆಳಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ಶಾಂತವ್ವನ ತೊಡೆಯ ಮೇಲೆ ನನ್ನ ತಲೆ ಇತ್ತು, ಸೂಪರ್‌ವೈಸರ್ ಎದುರಿಗೆ ನಿಂತಿದ್ದರು.

“ಆಪರೇಷನ್‌ಗೆ ಅಂತ ಅಷ್ಟು ದಿನ ರಜೆ ಕೊಟ್ಟಾಯ್ತಮ್ಮ. ತೆಗೆಸಿ ಆದ್ಮೇಲೂ ಅದೇ ಕಾರಣ ಹೇಳಿದ್ರೆ ನಾನು ಮೇಲಿನವ್ರಿಗೆ ಏನಂತ ಹೇಳ್ಲಿ? ಕೈಲಾಗದಿದ್ರೆ ಬಿಟ್ಟುಬಿಡಿ.”

ಶಾಂತವ್ವ ಕೂತಲ್ಲಿಂದಲೇ ಸಿಡಿದಳು. “ಬಿದ್ದಾಕಿಗೆ ನೀರ ಕೊಡ್ರಿ ಮೊದಲ. ಕೆಲಸದ ಮಾತು ಆಮ್ಯಾಲೆ ಆಡೂಣಂತ.”

ಅವತ್ತು ಸಂಜೆ ರುದ್ರೇಶ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, “ನಾಳೆ ಮನಸ್ಸಿನ ಡಾಕ್ಟ್ರ ಹತ್ರ ಹೋಗೋಣ,” ಅಂದರು. ನಾನು ಎದುರಾಡಲಿಲ್ಲ. ನನಗೂ ಹಾಗೇ ಅನ್ನಿಸಿತ್ತು.

ಆ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಕೂತಿದ್ದಷ್ಟು ಹೊತ್ತೂ ರುದ್ರೇಶ ತಲೆಯ ಮೇಲಿನ ಹೆಲ್ಮೆಟ್ ತೆಗೆಯಲಿಲ್ಲ. ಗುರುತಿನವರು ಯಾರಾದರೂ ನೋಡಿಯಾರು ಎಂದು. ಎದುರಿಗೆ ಕೂತಿದ್ದ ಹುಡುಗಿ ಅವರನ್ನೇ ರೋಗಿ ಅಂದುಕೊಂಡು ಕನಿಕರದಿಂದ ನೋಡುತ್ತಿದ್ದಳು. ಎಷ್ಟೋ ದಿನದ ಮೇಲೆ ನನಗೆ ನಗು ಬಂತು.

ಡಾಕ್ಟರು ವಯಸ್ಸಾದವರು. ಅವಸರವಿಲ್ಲದೆ ಕೇಳಿಸಿಕೊಂಡರು. ಕೂಸಿನ ವಿಷಯವನ್ನೂ ಹೇಳಿದೆ, ಬಚ್ಚಲಿನಲ್ಲಿ ಮಾತಾಡುವುದನ್ನೂ ಹೇಳಿದೆ. ಪಕ್ಕದಲ್ಲಿ ಕೂತಿದ್ದ ರುದ್ರೇಶ ಅದನ್ನು ಕೇಳಿದ್ದು ಅದೇ ಮೊದಲು. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು.

“ತಿಂಗಳ ಮಧ್ಯೆ ಈ ನೋವು ಬರುತ್ತಾ?”

“ಇಲ್ಲ ಸಾರ್. ಮುಂಚೆ ಮುಟ್ಟಾಗ್ತಿದ್ದ ಹೊತ್ತಿಗೇ ಬರೋದು.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನಿಮಗೆ ದುಃಖ ಇದೆ ಕಣಮ್ಮ, ಬೇಕಾದಷ್ಟಿದೆ. ಅದರ ಬಗ್ಗೆ ಮಾತಾಡೋಣ, ಯಾವಾಗ ಬೇಕಾದ್ರೂ ಬನ್ನಿ. ಆದ್ರೆ ದುಃಖ ಹೀಗೆ ತಿಂಗಳು ನೋಡ್ಕೊಂಡು ಬರಲ್ಲ. ನಿಮ್ಮ ಮೈಯಲ್ಲಿ ಏನೋ ಇದೆ. ಇದನ್ನ ಬೇರೆಯವರು ಇನ್ನೊಂದ್ಸಲ ನೋಡ್ಬೇಕು.” ಎಲೆಕ್ಟ್ರಾನಿಕ್ ಸಿಟಿ ಕಡೆಯ ಆಸ್ಪತ್ರೆಯೊಂದರಲ್ಲಿ ಇಂಥದ್ದನ್ನೇ ನೋಡುವ ಲೇಡಿ ಸರ್ಜನ್ ಇದ್ದಾರೆ ಎಂದು ಹೇಳಿ, ಆಕೆಗೆ ತಾವೇ ಫೋನ್ ಮಾಡಿದರು.

ಊರಿನ ಈ ತುದಿಯಿಂದ ಆ ತುದಿ. ಬೆಳಿಗ್ಗೆ ಬೇಗ ಹೊರಟು ಬಸ್ಸು ಬದಲಾಯಿಸಿ, ಹೊಸೂರು ರಸ್ತೆಯ ಮೇಲ್ಸೇತುವೆ ಹತ್ತಿದಾಗ ಎರಡೂ ಕಡೆ ಗಾಜಿನ ಕಟ್ಟಡಗಳು ಹೊಳೆಯುತ್ತಿದ್ದವು. ಪೀಣ್ಯದಲ್ಲಿ ಇಷ್ಟು ವರ್ಷ ಇದ್ದೂ ನಾನು ಅತ್ತ ಹೋದವಳಲ್ಲ. ಆಸ್ಪತ್ರೆಯ ಕಾಯುವ ಜಾಗದಲ್ಲಿ ಬೇಕಾದಷ್ಟು ಕುರ್ಚಿ ಖಾಲಿ ಇದ್ದರೂ ಒಬ್ಬ ಹೆಂಗಸು ಕಿಟಕಿಗೆ ಒರಗಿ ನಿಂತಿದ್ದರು. ಕೊರಳಲ್ಲಿ ಕಂಪನಿಯ ಬಿಲ್ಲೆ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಆ ತಿಂಗಳ ನೋವು ಇನ್ನೂ ಪೂರ್ತಿ ಇಳಿದಿರದೆ ನಾನು ಕುರ್ಚಿಯ ಅಂಚಿನಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ಕೂತದ್ದನ್ನು ಅವರು ನೋಡಿದರು.

“ನಿಮಗೂ ನೆಟ್ಟಗೆ ಕೂತ್ರೆ ಚುಚ್ಚುತ್ತಾ?” ಅಂತ ಕೇಳಿದರು.

ಹೌದೆಂದು ತಲೆಯಾಡಿಸಿದೆ. ಅಷ್ಟು ವರ್ಷಗಳಲ್ಲಿ ನನ್ನ ಕೂರುವ ರೀತಿಯನ್ನು ಓದಿದವರು ಯಾರೂ ಇರಲಿಲ್ಲ.

ಅವರ ಹೆಸರು ಅನುಪಮಾ. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. “ನಮ್ಮ ಮ್ಯಾನೇಜರ್ ಪ್ರಕಾರ ನಂದು ಪ್ರತಿ ತಿಂಗಳೂ ಫುಡ್ ಪಾಯ್ಸನಿಂಗ್,” ಅಂತ ನಕ್ಕರು. ಹೊಟ್ಟೆಗೆ ಒತ್ತಿಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲ ತೆಗೆದು, “ಇನ್ನೂ ಬಿಸಿ ಇದೆ, ಇಟ್ಕೊಳಿ,” ಅಂತ ಕೊಟ್ಟರು. ಗುರುತಿಲ್ಲದವರ ಹೊಟ್ಟೆಯ ಮೇಲಿದ್ದ ಬಿಸಿಯನ್ನು ನನ್ನ ಹೊಟ್ಟೆಯ ಮೇಲಿಟ್ಟುಕೊಂಡು ಕೂತೆ. ಬಹಳ ಹೊತ್ತು ಕಾಯಬೇಕಾಯಿತು, ಕಷ್ಟ ಅನ್ನಿಸಲಿಲ್ಲ.

ಸರ್ಜನ್ ನನ್ನ ಹೊಟ್ಟೆ ಮುಟ್ಟುವ ಮೊದಲು ಮಾತಾಡಿದರು. ಆ ದಿನಗಳಲ್ಲಿ ಸಂಡಾಸಿಗೆ ಕೂತಾಗ ಚಾಕು ಹಾಕಿದ ಹಾಗಾಗುತ್ತಾ ಎಂದು ಕೇಳಿದರು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು, ಯಾರೂ ಕೇಳಿಯೂ ಇರಲಿಲ್ಲ. ಹೌದು ಎನ್ನುವಷ್ಟರಲ್ಲಿ ಅಳು ಬಂತು. ಪರೀಕ್ಷೆಗಳೆಲ್ಲ ಮುಗಿದು ನಾವು ಇನ್ನೊಮ್ಮೆ ಹೋದಾಗ ಅವರು ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು.

“ಇದಕ್ಕೆ ಎಂಡೋಮೆಟ್ರಿಯೋಸಿಸ್ ಅಂತಾರೆ. ಗರ್ಭಕೋಶದ ಒಳಪದರದಂಥದ್ದೇ ಹೊರಗಡೆ, ಕರುಳಿನ ಹತ್ರ ಅಂಟ್ಕೊಂಡು ಬೆಳ್ದಿದೆ. ಗರ್ಭಕೋಶ ತೆಗೆದ್ರೂ ಇದು ಅಲ್ಲೇ ಉಳ್ಕೊಂಡಿದೆ. ಅಂಡಾಶಯ ಹಾಗೇ ಇದೆಯಲ್ಲ, ಅದು ತಿಂಗಳಿಗೊಮ್ಮೆ ಕರೆಯುತ್ತೆ, ಇವು ಓಗೊಡ್ತವೆ. ನಿಮ್ಮ ನೋವು ನಿಜವಾದ್ದು.”

ನಾನು ಆ ಚಿತ್ರವನ್ನೇ ನೋಡುತ್ತಿದ್ದೆ. ಬಾಯಿಂದ ತಾನಾಗಿ ಬಂದುಬಿಟ್ಟಿತು.

“ಹಾಗಾದ್ರೆ ಅದು ಕೂಸಲ್ವಾ ಮೇಡಂ?”

ರುದ್ರೇಶ ತಲೆ ಬಗ್ಗಿಸಿದರು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ಕೇಳಿದರು, “ಎಷ್ಟು ತಿಂಗಳಿಗೆ ಹೋಯ್ತು?”

“ಐದು.”

“ನೋಡಿದ್ರಾ?”

“ಇಲ್ಲ. ತೋರಿಸ್ಲಿಲ್ಲ.”

ಅವರು ಚಿತ್ರದ ಹಾಳೆಯನ್ನು ಪಕ್ಕಕ್ಕೆ ಸರಿಸಿದರು. “ಈ ನೋವು ಕೂಸಲ್ಲಮ್ಮ. ಆದ್ರೆ ನಿಮಗೊಂದು ಕೂಸಿತ್ತು. ಎರಡೂ ನಿಜ. ಒಂದಕ್ಕೊಂದು ಗಂಟು ಹಾಕ್ಬೇಡಿ.”

ಕಾಯಿಲೆಗೆ ಹೆಸರು ಸಿಕ್ಕಾಗ ಹಗುರಾಗುತ್ತದೆ ಅನ್ನುತ್ತಾರೆ. ಹಗುರಾದದ್ದು ನಿಜ. ನಾನು ಹುಚ್ಚಿಯಲ್ಲ ಎಂದು ಗೊತ್ತಾಗಿತ್ತು. ಆದರೆ ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ನನಗೆ ಆದದ್ದು ಬೇರೆ. ತಿಂಗಳಿಗೊಮ್ಮೆ ಬರುತ್ತಿದ್ದವನು ಯಾರೂ ಇರಲಿಲ್ಲ. ನಾನು ಇಷ್ಟು ದಿನ ಮಾತಾಡಿಸಿದ್ದು ಕರುಳಿಗೆ ಅಂಟಿದ ಒಂದು ಗಂಟನ್ನು. ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟೆ. ರುದ್ರೇಶ ಆಪರೇಷನ್ನಿನ ಭಯ ಅಂದುಕೊಂಡು, “ದೊಡ್ಡ ಡಾಕ್ಟ್ರು ಅವ್ರು, ಏನೂ ಆಗಲ್ಲ,” ಅಂದರು.

“ಅದಕ್ಕಲ್ಲ. ಅವನು ಇನ್ನು ಬರಲ್ಲ,” ಅಂದೆ.

ಅವರು ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೇ ಇದ್ದರು. ಬಸ್ಸು ಸೇತುವೆ ಇಳಿದು ಸಿಗ್ನಲ್ಲಿನಲ್ಲಿ ನಿಂತಿತು.

“ನಾನು ನೋಡಿದೀನಿ ಭಾರತಿ.”

“ಏನನ್ನ?”

“ಅವನ್ನ. ನರ್ಸು ಬಟ್ಟೇಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದು. ಅಮ್ಮನೂ ಇದ್ರು. ಊರಿಗೆ ತಗೊಂಡೋಗಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದ್ವಿ. ನಿಂಗೆ ಹೇಳ್ಬಾರ್ದು, ಎದೆ ಒಡ್ಕೊಳ್ತಾಳೆ ಅಂದ್ರು ಎಲ್ಲಾ.” ಆಮೇಲೆ ಬಹಳ ಕಷ್ಟಪಟ್ಟು ಅಂದರು, “ನಿನ್ನ ಥರಾನೇ ಅಗಲ ಹಣೆ.”

ನಾನು ಅವರ ಕೈ ಹಿಡಿದುಕೊಂಡೆ. ಲೇತಿನ ಎಣ್ಣೆ ಕೂತು ಕಪ್ಪಾದ ಗೆರೆಗಳ ಆ ಅಂಗೈಯಲ್ಲಿ ಅವನು ಇದ್ದ. ಮೊದಲು ಗೊತ್ತಾಗಿದ್ದರೆ ನಾನು ಅವನನ್ನು ಬೇರೆಲ್ಲಿಯೂ ಹುಡುಕುತ್ತಿರಲಿಲ್ಲವೇನೋ.

ಎರಡನೇ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದು. ಅಂಡಾಶಯಗಳನ್ನೂ ತೆಗೆದರು, ಕರುಳಿನ ಮೇಲಿದ್ದದ್ದನ್ನು ಆದಷ್ಟು ಬಿಡಿಸಿದರು. ಎಲ್ಲವನ್ನೂ ತೆಗೆಯಲು ಆಗಲಿಲ್ಲ, ತೆಗೆಯಲು ಹೋದರೆ ಕರುಳಿಗೇ ಅಪಾಯ ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. ಹಿಂದಿನವರಂತೆ ಬೇರುಸಮೇತ ಹೋಗುತ್ತದೆ ಎನ್ನಲಿಲ್ಲ. ಅದೇ ನನಗೆ ಧೈರ್ಯ ಕೊಟ್ಟಿತು.

ಮನೆಗೆ ಬಂದ ಮೇಲೆ ಅತ್ತೆ ತಲೆದಿಂಬಿನ ಪಕ್ಕ ಬಂದು ಕೂತರು. ಕೇಳಬೇಕೋ ಬೇಡವೋ ಎನ್ನುವಂತೆ ಸೆರಗಿನ ತುದಿ ಸುತ್ತುತ್ತಿದ್ದರು.

“ಏನಂದ್ರವ್ವ ಡಾಕ್ಟ್ರು? ಕೂಸಲ್ಲವಂತಾ?”

“ಅಲ್ಲವಂತೆ ಅತ್ತೆ.”

“ಅಂಗಾದ್ರೆ ಒಳ್ಳೇದೇ ಆಯ್ತು ಬಿಡು. ಅಲೀತಿಲ್ಲ ಅಂದಂಗಾಯ್ತು.” ಕಣ್ಣೊರೆಸಿಕೊಂಡರು. “ಎತ್ಕಂಡಿದ್ದೆ ಕಣೆ ನಾನು ಅವನ್ನ. ಊರು ಮುಟ್ಟೋಗಂಟ ನನ್ನ ತೊಡೆ ಮೇಲೇ ಇದ್ದ.”

ಅತ್ತೆ ಅಷ್ಟು ವರ್ಷ ನನಗೆ ಹೇಳಲಾಗದೆ ಹೊತ್ತುಕೊಂಡಿದ್ದದ್ದು ಏನೆಂದು ನನಗೆ ಆಗ ತಿಳಿಯಿತು. ನನ್ನ ಸೊಂಟದ ಕಪ್ಪು ದಾರವನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು. ಅತ್ತೆ ಅದರ ಮಾತೆತ್ತಲಿಲ್ಲ, ಮತ್ತೊಂದನ್ನು ಕಟ್ಟಿಸಲೂ ಇಲ್ಲ.

ಈಗ ಹೇಗಿದ್ದೇನೆ ಅಂತ ಕೇಳುವವರಿಗೆ, ಬದುಕುವಷ್ಟು ಚೆನ್ನಾಗಿದ್ದೇನೆ ಅನ್ನುತ್ತೇನೆ. ತಂತಿ ಸುತ್ತುವ ಸ್ಟೂಲನ್ನು ಬಿಟ್ಟು ಮೋಟಾರು ಪರೀಕ್ಷೆ ಮಾಡುವ ಮೇಜಿಗೆ ಬಂದಿದ್ದೇನೆ, ಬೇಕಾದಾಗ ನಿಲ್ಲಬಹುದು. ಇದು ಶಾಂತವ್ವ ಸೂಪರ್‌ವೈಸರನ್ನು ದಿನಾ ಕಾಡಿ ಕೊಡಿಸಿದ ಜಾಗ. ವಯಸ್ಸಿಗೆ ಮೊದಲೇ ಮುಟ್ಟು ನಿಂತವಳಿಗೆ ಬರುವ ಉರಿ ಒಮ್ಮೊಮ್ಮೆ ಷೆಡ್ಡಿನಲ್ಲಿ ಹಾಗೇ ಮುಖಕ್ಕೆ ನುಗ್ಗುತ್ತದೆ. ಮೂಳೆಗೆ ಗುಳಿಗೆ ನುಂಗುತ್ತೇನೆ. ನೋವು ಇದೆ. ಮೊದಲಿನಷ್ಟಿಲ್ಲ, ತಿಂಗಳ ಲೆಕ್ಕವೂ ಅದಕ್ಕಿಲ್ಲ, ಯಾವಾಗಲೋ ಬಂದು ಎರಡು ದಿನ ಇದ್ದು ಹೋಗುತ್ತದೆ. ಅದು ಬಂದಾಗ ನಾನು ಮಾತಾಡಿಸುವುದಿಲ್ಲ. ಆದರೆ ಒಳಗಿನದೊಂದು ಕಿವಿ ಇನ್ನೂ ಆ ಕಡೆಗೇ ಇರುತ್ತದೆ, ಸುಳ್ಳು ಹೇಳಲಾರೆ. ವರ್ಷಕ್ಕೊಮ್ಮೆ ಗುಬ್ಬಿಯ ಹಳ್ಳಿಗೆ ಹೋದಾಗ ಮಾವನ ಸಮಾಧಿಯ ಪಕ್ಕದ ಸಣ್ಣ ದಿಬ್ಬಕ್ಕೂ ಹೂವಿಡುತ್ತೇವೆ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಕಳೆದ ವರ್ಷ ಸಿಂಚನ ದೊಡ್ಡವಳಾದಳು.

ಆರತಿ ಆಯಿತು, ಚಿಗಳಿ ತಂಬಿಟ್ಟು ಮಾಡಿದೆವು. ಎಲ್ಲರೂ ನಗುತ್ತಿದ್ದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಆಮೇಲಿನ ಪ್ರತಿ ತಿಂಗಳೂ ನೋಡುತ್ತಿದ್ದೆ. “ನೋವಾಗುತ್ತೇನೆ?” ಅಂದರೆ, “ಇಲ್ಲಮ್ಮ, ಸುಮ್ನಿರು,” ಅನ್ನುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಅಡುಗೆಮನೆಗೆ ಬಂದು ನನ್ನ ಕೈಯಲ್ಲಿದ್ದ ಸೌಟು ಇಸಿದುಕೊಂಡರು.

“ಮಗಿ ಬಚ್ಚಲಲ್ಲಿ ಗೋಡೆಗೆ ತಲೆ ಕೊಟ್ಕಂಡು ನಿಂತೈತೆ. ಅಂಗೇ ನೀನು ನಿಂತ್ಕತಿದ್ದೆ. ಯಾವ ದಾರನೂ ಬ್ಯಾಡ, ಯಾವ ವಿಭೂತಿನೂ ಬ್ಯಾಡ. ಆ ಡಾಕ್ಟ್ರಮ್ಮನ ತಾವ ಕರ್ಕಂಡೋಗು. ಇವತ್ತೇ ಓಗು.”

ಅವತ್ತೇ ಹೋದೆವು. ನನ್ನ ಮೈಯಿಂದ ಹೊರಟದ್ದು ಅವಳ ಮೈಗೆ ಹೋಯಿತೇ ಎಂಬ ಪ್ರಶ್ನೆಗೆ ಬಸ್ಸಿನಲ್ಲಿ ಕೂತು ಉತ್ತರ ಹುಡುಕುವ ಸ್ಥಿತಿ ಯಾವ ತಾಯಿಗೂ ಬರಬಾರದು. ಸಿಂಚನ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಕೊಂಡಿದ್ದಳು.

ಡಾಕ್ಟರು ಅವಳನ್ನು ತಮ್ಮ ಹತ್ತಿರದ ಕುರ್ಚಿಯಲ್ಲಿ ಕೂರಿಸಿಕೊಂಡರು. “ಹೇಳು ಪುಟ್ಟಾ, ಹೇಗಾಗುತ್ತೆ?”

ಅವಳ ಪರವಾಗಿ ಹೇಳಲು ನಾನು ಬಾಯಿ ತೆರೆದೆ. ಡಾಕ್ಟರು ನನ್ನ ಕಡೆ ತಿರುಗದೆಯೇ ಕೈ ಎತ್ತಿದರು. ಸಿಂಚನ ಒಮ್ಮೆ ನನ್ನನ್ನು ನೋಡಿ, ಮತ್ತೆ ಅವರ ಕಡೆ ತಿರುಗಿದಳು.

“ತುಂಬಾ ನೋವು ಮೇಡಂ. ಕ್ಲಾಸಲ್ಲಿ ಕೂರೋಕಾಗಲ್ಲ. ಅಮ್ಮ ಹೆದರ್ತಾಳೆ ಅಂತ ಹೇಳ್ತಿರ್ಲಿಲ್ಲ.”

“ಸರಿ,” ಅಂದರು ಡಾಕ್ಟರು. “ನಾನು ನಂಬ್ತೀನಿ. ಅದೇನು ಅಂತ ಈಗಲೇ ಹೇಳೋಕಾಗಲ್ಲ, ಎಷ್ಟೋ ಕಾರಣ ಇರ್ಬಹುದು. ಹುಡುಕೋಣ. ಬಾ, ಎಲ್ಲಿ ಅಂತ ತೋರ್ಸು.”

ಸಿಂಚನ ಎದ್ದು ಹೋಗಿ ಪರದೆಯನ್ನು ತಾನೇ ಎಳೆದುಕೊಂಡಳು. ನಾನೂ ಏಳಲು ಹೋದೆ. “ನೀನು ಅಲ್ಲೇ ಇರಮ್ಮ,” ಅಂದಳು. ಅವಳ ದುಪಟ್ಟಾ ತೊಡೆಯ ಮೇಲಿಟ್ಟುಕೊಂಡು ಕೂತೆ. ಪರದೆಯ ಆಚೆ ನನ್ನ ಮಗಳು ಮೊದಲ ತಿಂಗಳಿಂದ ಶುರುಮಾಡಿ ಒಂದೊಂದಾಗಿ ಹೇಳುತ್ತಾ ಹೋದಳು. ಡಾಕ್ಟರು ಎಲ್ಲಿಯೂ 'ಸಾಕು' ಅನ್ನಲಿಲ್ಲ.